ಬಾಳೆನಾರಿನ ಗಂಟು

ಆ ಊರಿನಲ್ಲಿ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಬದನೆಕಾಯಿ ಏನು ಬೆಲೆ, ಊಟ ಆಯಿತೇ, ಹೊಳೆಯಲ್ಲಿ ನೀರೆಷ್ಟಿದೆ ಎಂದೆಲ್ಲ ಧಾರಾಳವಾಗಿ ಕೇಳುತ್ತಿದ್ದರು. ಯಾವೂರು, ಯಾರ ಪೈಕಿ, ಯಾಕೆ ಬಂದೆ, ಜೊತೆಗೆ ಯಾರೂ ಇಲ್ಲವೇ ಎಂದು ಮಾತ್ರ ಕೇಳುವಂತಿರಲಿಲ್ಲ. ನಮ್ಮ ಕಡೆಯಾದರೆ ಪಕ್ಕದಲ್ಲಿ ಕೂತವರು ಎಲೆಗೆ ಸುಣ್ಣ ಹಚ್ಚುವುದರೊಳಗೆ ನಮ್ಮ ಮೂರು ತಲೆಮಾರನ್ನು ಜಾಲಾಡಿ ಮುಗಿಸಿರುತ್ತಾರೆ. ಅಲ್ಲಿ ಹಾಗೆ ಮಾಡಿದವರನ್ನು ಬಂದ ದೋಣಿಯಲ್ಲೇ ವಾಪಸು ಕಳಿಸುತ್ತಿದ್ದರು. ಅದು ಆ ಊರಿನ ಕಟ್ಟಳೆ.

ಕೇಳಬಾರದ್ದೆಲ್ಲ ಗಂಟುಮನೆಯಲ್ಲಿತ್ತು. ಗಂಟುಮನೆ ಸರ್ಕಾರದ್ದು. ಊರಿಗೆ ಹೊಸದಾಗಿ ಬಂದವರು, ಊರಲ್ಲೇ ಹುಟ್ಟಿ ಹದಿನಾರು ತುಂಬಿದವರು, ಅಲ್ಲಿಗೆ ಹೋಗಿ ಒಂದು ಓಲೆಯ ಮೇಲೆ ಮೂರು ಮಾತು ಬರೆಯಬೇಕು. ಹುಟ್ಟಿದಾಗ ಇಟ್ಟ ಹೆಸರೇನು. ಯಾರಿಗೆ ಹೆದರುತ್ತೀ. ಯಾವ ಬಾಗಿಲ ಹಿಂದೆ ಮಲಗುತ್ತೀ. ಊರಿನ ಪ್ರತಿ ಬಾಗಿಲ ಮೇಲೂ ಒಂದೊಂದು ಗುರುತು ಕೆತ್ತಿತ್ತು. ಮೀನಿನ ಬಾಗಿಲು, ಒನಕೆಯ ಬಾಗಿಲು, ಗಿಳಿಯ ಬಾಗಿಲು ಎಂದೇ ಮನೆಗಳನ್ನು ಕರೆಯುತ್ತಿದ್ದರು. ಮುಂದೆಂದಾದರೂ ಆಪತ್ತು ಬಂದರೆ ಓಲೆ ಕೊಟ್ಟವರೇ ಬಂದು ಬಿಚ್ಚಿ, ನೋಡಿ, ನಾನು ಮೊದಲೇ ಹೇಳಿದ್ದೆ, ಈಗ ಕಾಪಾಡಿ ಎನ್ನಬಹುದು. ಅಲ್ಲಿಯವರೆಗೆ ಯಾರೂ ಕೇಳುವುದಿಲ್ಲ.

ಬರೆದ ಓಲೆಯನ್ನು ಸುರುಳಿ ಸುತ್ತಿ ಗಂಟುಗಾತಿಯ ಕೈಗೆ ಕೊಡುವುದು. ಗಂಟುಗಾತಿ ಎಂದರೆ ಗಂಟು ಹಾಕುವ ಹೆಂಗಸು. ಗಟ್ಟಿ ಕೈ, ಗಟ್ಟಿ ಬಾಯಿ, ಓದು ಬಾರದ ಕಣ್ಣು. ಆ ಕೆಲಸಕ್ಕೆ ಓದು ಬಾರದವರನ್ನೇ ಹುಡುಕಿ ಇಡುತ್ತಿದ್ದರು. ಅವಳು ದಾರ ಹಿಡಿದು ಸುತ್ತುತ್ತ ಹೇಳುವಳು: "ಒಂದು ಸುತ್ತು ನಿನಗೆ. ಒಂದು ಸುತ್ತು ನನಗೆ. ಒಂದು ಸುತ್ತು ಯಾರಿಗೂ ಅಲ್ಲ." ಹೀಗೆ ಎರಡು ಸಾವಿರದ ನಲವತ್ತೆಂಟು ಸುತ್ತು. ಕೊನೆಗೆ ಅವಳು ಕಣ್ಣು ಮುಚ್ಚಿಕೊಳ್ಳುವಳು. ಓಲೆ ಕೊಟ್ಟವರು ದಾರದ ತುದಿಯನ್ನು ತಮಗೆ ಬೇಕಾದ ಕಡೆ ಅಡಗಿಸುವರು. ತುದಿ ಗೊತ್ತಿದ್ದರೆ ಆ ಗಂಟು ಚಿಟಿಕೆ ಹೊಡೆಯುವಷ್ಟರಲ್ಲಿ ಬಿಚ್ಚುತ್ತಿತ್ತು. ಗೊತ್ತಿಲ್ಲದೆ ಎಳೆದರೆ ಮತ್ತೆ ಮೊದಲಿನಂತೆ ಬಿಗಿಯುತ್ತಿತ್ತು. ಕತ್ತರಿಸಿದರೆ ಒಳಗಿನ ಓಲೆ ಬೂದಿಯಾಗುತ್ತಿತ್ತು. ಯಾವ ಎಳೆ ಮೊದಲು, ಯಾವುದು ಆಮೇಲೆ ಎಂದು ಒಂದೊಂದಾಗಿ ಎಳೆದು ನೋಡುತ್ತ ಕೂತರೆ ಅಜ್ಜ ಶುರು ಮಾಡಿದ್ದು ಮರಿಮಗನ ಕಾಲಕ್ಕೂ ಮುಗಿಯುವುದಿಲ್ಲ ಎಂದು ಊರವರು ಹೆಮ್ಮೆಯಿಂದ ಹೇಳುತ್ತಿದ್ದರು. ಮುಗಿಯುತ್ತಲೂ ಇರಲಿಲ್ಲ.

ಪ್ರತಿ ಓಲೆಗೂ ಒಂದು ಜೋಡಿ ಇರುತ್ತಿತ್ತು. ಒಂದು ಗಂಟುಮನೆಯಲ್ಲಿ, ಇನ್ನೊಂದು ಬೆಂಕಿಗಿಂಕಿ ಬಿದ್ದರೆ ಇರಲಿ ಎಂದು ಮೇಲಿನ ಕೋಟೆಯಲ್ಲಿ. ವರ್ಷಕ್ಕೊಮ್ಮೆ ಬಿರುಬಿಸಿಲಿನಲ್ಲಿ ಜೋಡಿ ಕಟ್ಟುಗಳು ಗಾಡಿ ಏರಿ ಕೋಟೆಗೆ ಹೊರಡುತ್ತಿದ್ದವು. ದಾರಿಯ ತೋಪಿನಲ್ಲಿ ಆಚೆ ದಡದ ಕಳ್ಳರು ಕಾದಿದ್ದು ಒಂದಷ್ಟು ಕಟ್ಟು ಎತ್ತಿಕೊಳ್ಳುತ್ತಿದ್ದರು. ಕದ್ದದ್ದನ್ನು ಆಚೆ ದಡಕ್ಕೆ ಸಾಗಿಸಲು ಇದ್ದದ್ದು ಒಂದೇ ದೋಣಿ, ಅದೂ ಊರಿನ ಕಡವಿನಲ್ಲೇ. ಹಾಗಾಗಿ ಕಳ್ಳರು ತಲೆಯ ಮೇಲೆ ಕಟ್ಟು ಹೊತ್ತು, ಬೆವರು ಒರೆಸಿಕೊಳ್ಳುತ್ತ, ಊರಿನ ನಡುಬೀದಿಯಲ್ಲೇ ಹೋಗುತ್ತಿದ್ದರು.

ಊರವರು ಅವರನ್ನು ಹಿಡಿಯುತ್ತಿದ್ದರೇ? ಇಲ್ಲ. ಜಗುಲಿಗಳ ಮೇಲೆ ಸಾಲಾಗಿ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ಒಯ್ಯಿರಪ್ಪಾ ಒಯ್ಯಿರಿ, ಉಪ್ಪಿನಕಾಯಿ ಹಾಕ್ಕೊಳ್ಳಿ" ಎನ್ನುತ್ತಿದ್ದರು. ಬಿಚ್ಚಲಾಗದ ಗಂಟನ್ನು ಬಿಸಿಲಲ್ಲಿ ಹೊರುವವರನ್ನು ಕಂಡು ಪಾಪ ಎನ್ನಿಸಿ, ಒಂದೊಂದು ತಂಬಿಗೆ ಮಜ್ಜಿಗೆಯನ್ನೂ ಕೊಡುತ್ತಿದ್ದರು. ಕಾಲ ಕಳೆದಂತೆ ಅದೇ ಒಂದು ಪದ್ಧತಿಯಾಯಿತು. ಗಾಡಿ ಹೊರಟ ದಿನ ಮನೆಮನೆಯಲ್ಲೂ ಕರಿಬೇವು, ಶುಂಠಿ ಜಜ್ಜಿ ಹಾಕಿ ಮಜ್ಜಿಗೆ ಮಾಡಿಡುತ್ತಿದ್ದರು. ಕಳ್ಳರಿಗೆ ಮಜ್ಜಿಗೆ ಕೊಟ್ಟ ಊರು ಭೂಮಿಯ ಮೇಲೆ ಅದೊಂದೇ ಇರಬೇಕು.

ಹೀಗಿರುವಾಗ ಒಂದು ವರ್ಷ ಒಬ್ಬಳು ದೋಣಿಯಿಂದಿಳಿದಳು. ಕಂಕುಳಲ್ಲಿ ಒಂದು ಹೆಣ್ಣುಕೂಸು, ಕೈಯಲ್ಲಿ ಏನೂ ಇಲ್ಲ. ಯಾರೂ ಏನೂ ಕೇಳಲಿಲ್ಲ. ಮೀನಿನ ಬಾಗಿಲಿನ ಮನೆ ಖಾಲಿಯಿತ್ತು, ಅಲ್ಲಿ ಸೇರಿಕೊಂಡು ಅವಳು ಓಲೆ ಬರೆದಳು. ಸುತ್ತಲು ದಾರ ತರಬೇಕಾದವರು ಓಲೆ ಕೊಡುವವರೇ. ಅವಳ ಹತ್ತಿರ ದಾರವಿರಲಿಲ್ಲ. ಹಿತ್ತಿಲಿನ ಬಾಳೆಯ ಪಟ್ಟೆ ಸೀಳಿ ನಾರು ಹೊಸೆದು ತಂದಳು. "ಒಂದು ಸುತ್ತು ನಿನಗೆ" ಎಂದು ಗಂಟುಗಾತಿ ಶುರು ಮಾಡಿದಳು. ಆ ಮನೆಯಲ್ಲಿದ್ದ ಹನ್ನೆರಡು ಸಾವಿರ ಕಟ್ಟುಗಳಲ್ಲಿ ಬಾಳೆನಾರಿನದು ಅದೊಂದೇ ಜೋಡಿ. ನಾರು ಹೊಸೆಯುವ ಕೈ ಹೂ ಕಟ್ಟುವುದನ್ನೂ ಬಲ್ಲದು. ಕಡವಿನ ಕಟ್ಟೆಯ ಮೇಲೆ ಬುಟ್ಟಿ ಇಟ್ಟುಕೊಂಡು ಹೂ ಮಾರಲು ಕೂತಳು. ಅಂದಿನಿಂದ ಊರಿಗೆ ಅವಳು ಹೂವಾಡಗಿತ್ತಿ. ಅವಳು ಕೂರುತ್ತಿದ್ದದ್ದು ಬೀದಿಗೆ ಬೆನ್ನು ಮಾಡಿ, ಹೊಳೆಗೆ ಮುಖ ಮಾಡಿ. ಕೊಳ್ಳುವವರು ಸುತ್ತಿ ಬಳಸಿ ಮುಂದೆ ಬರಬೇಕಿತ್ತು. ಪ್ರತಿ ದೋಣಿಯನ್ನೂ, ಇಳಿಯುವ ಪ್ರತಿ ಮುಖವನ್ನೂ ನೋಡದೆ ಅವಳು ಒಂದು ಮೊಳವನ್ನೂ ಅಳೆಯುತ್ತಿರಲಿಲ್ಲ.

ಆ ವರ್ಷದ ಗಾಡಿ ಹೊರಟಿತು. ಸಂಜೆಯೊಳಗೆ ಕಳ್ಳರು ಬಂದರು. ಗಂಟುಗಾತಿ ತನ್ನ ಪಾಲಿನ ತಂಬಿಗೆ ಹಿಡಿದು ನಿಂತಿದ್ದಳು. ಅವಳ ಮುಂದೆ ನಿಂತ ಕಳ್ಳನ ತಲೆಯ ಮೇಲೆ, ಎಲ್ಲ ಕಟ್ಟುಗಳ ಮೇಲುಗಡೆ, ಬಾಳೆನಾರಿನ ಕಟ್ಟು ಇತ್ತು. ಅವಳು ನೋಡಿದಳು, ಗುರುತು ಹಿಡಿದಳು, ನಕ್ಕಳು.

"ಏನ್ಮಾಡ್ತೀರೋ ಇದನ್ನೆಲ್ಲ ಒಯ್ದು?" ಎಂದು ಮಜ್ಜಿಗೆ ಬಗ್ಗಿಸಿದಳು.

"ನಮಗೇನು ಗೊತ್ತವ್ವ" ಎಂದ ಕಳ್ಳ, ಬೊಗಸೆಯಿಂದ ಬಾಯಿ ತೆಗೆದು. "ಈಗ ಕೂಡಿಡ್ರೋ, ಆಮೇಲೆ ನೋಡ್ಕೊಳ್ಳೋಣ ಅಂತಾರೆ ನಮ್ಮ ಧಣಿ."

ಅದನ್ನು ಕೇಳಿ ಅವಳು ಇನ್ನೂ ನಕ್ಕಳು. ಕಟ್ಟೆಯ ಮೇಲೆ ಬಿಳಿಚಿಕೊಂಡು ಕೂತಿದ್ದ ಹೂವಾಡಗಿತ್ತಿಗೆ, "ಹೋಗ್ಲಿ ಬಿಡೇ ತಂಗಿ, ಅದು ಬಿಚ್ಚೋ ಗಂಟಲ್ಲ" ಎಂದು ಧೈರ್ಯವನ್ನೂ ಹೇಳಿದಳು.

ಏಳು ವರ್ಷ ಕಳೆಯಿತು. ಒಂದು ದಿನ ಅಂಬಿಗ ದೋಣಿ ಕಟ್ಟಿ ನೇರ ಗಂಟುಮನೆಗೆ ಬಂದ. ಆ ಹೊತ್ತಿಗೆ ಗಂಟುಮನೆಯ ಪಾರುಪತ್ತೇಗಾರ ಊಟ ಮುಗಿಸಿ ಒರಗುದಿಂಬಿಗೆ ಆನಿಕೊಂಡಿದ್ದ. ಊರಿನಲ್ಲಿ ಸರ್ಕಾರ ಎಂದರೆ ಇವನೇ. ಒಳ್ಳೆಯವನು, ಆದರೆ ಕೂತಲ್ಲಿಂದ ಏಳಬೇಕಾದ ಒಳ್ಳೆಯತನ ಅವನಿಗೆ ಒಗ್ಗುತ್ತಿರಲಿಲ್ಲ.

"ಬುದ್ಧೀ, ಆಚೆ ದಡದಲ್ಲಿ ಒಂದು ಕೂಸು ಸಾಕ್ತಾ ಇದ್ದಾರೆ" ಎಂದ ಅಂಬಿಗ. "ಮನುಷ್ಯರ ಕೂಸಲ್ಲ. ಅದಕ್ಕೆ ಸಾವಿರ ಬೆರಳು."

"ಇರಲಿ ಬಿಡು, ಬಳೆಗಾರನಿಗೆ ಕೆಲಸವಾಯ್ತು" ಎಂದ ಪಾರುಪತ್ತೇಗಾರ. ಬಳೆ ಬೆರಳಿಗಲ್ಲ ಕೈಗೆ ಎಂದು ಯಾರೂ ಹೇಳಲಿಲ್ಲ; ಸರ್ಕಾರದ ಮಾತು.

"ನಗಬೇಡಿ ಬುದ್ಧಿ. ನಾವು ಒಂದು ಎಳೆ ಎಳೀತೀವಿ, ಇದಲ್ಲ ಅಂತ ಬಿಟ್ಟು ಇನ್ನೊಂದು ಎಳೀತೀವಿ. ಅದು ಹಂಗಲ್ಲ. ಎಲ್ಲಾ ಎಳೇನೂ ಒಂದೇ ಸಲಕ್ಕೆ ಎಳೆಯುತ್ತೆ. ನೆಲಮಾಳಿಗೇಲಿ ಮಂಜಿನ ಗಡ್ಡೆ ತುಂಬಿಸಿ, ಅದರ ನಡುವೆ ಮಲಗಿಸಿ ಸಾಕ್ತಾರೆ. ಹತ್ರ ಯಾರಾದ್ರೂ ಕೆಮ್ಮಿದ್ರೆ ಸಾಕು, ಬೆರಳಿಗೆಲ್ಲ ಮರೆವು ಬರುತ್ತೆ. ಆದ್ರೂ ಮೊನ್ನೆ ಹದಿನೈದು ಸುತ್ತಿನ ಗಂಟು ಬಿಚ್ಚಿತಂತೆ. ಊರೆಲ್ಲ ಸಿಹಿ ಹಂಚಿದ್ರು. ಇಷ್ಟು ವರ್ಷ ಕದ್ದು ಕೂಡಿಟ್ಟಿದ್ದಾರಲ್ಲ ನಮ್ಮ ಕಟ್ಟುಗಳನ್ನ, ಅವು ಆ ಕೂಸಿಗೇ ಅಂತೆ, ಬಿಚ್ಚೋಕೆ."

ಮೂಲೆಯಲ್ಲಿ ದಾರ ಸುತ್ತುತ್ತಿದ್ದ ಗಂಟುಗಾತಿಯ ಕೈ ನಿಂತಿತು. ಈಗ ಕೂಡಿಡ್ರೋ, ಆಮೇಲೆ ನೋಡ್ಕೊಳ್ಳೋಣ. ಏಳು ವರ್ಷದ ಹಿಂದೆ ಕಿವಿಗೆ ಬಿದ್ದ ಆ ಮಾತು ಈಗ ತಲೆಗೆ ಹೋಯಿತು.

ಪಾರುಪತ್ತೇಗಾರ ಬೆರಳು ಮಡಚಿದ. "ಹದಿನೈದು ಎಲ್ಲಿ, ಎರಡು ಸಾವಿರದ ನಲವತ್ತೆಂಟು ಎಲ್ಲಿ? ಆ ಕೂಸು ಬೆಳೆಯೋ ಹೊತ್ತಿಗೆ ನಾನು ಕೆಲಸದಿಂದ ಇಳಿದಿರ್ತೀನಿ."

"ನೀವು ಇಳೀತೀರಿ ಸ್ವಾಮಿ, ಗಂಟುಮನೆ ಇಳಿಯುತ್ತಾ?" ಎಂದಳು ಗಂಟುಗಾತಿ. ಅವಳು ಪಾರುಪತ್ತೇಗಾರನ ಎದುರು ಬಾಯಿ ಬಿಟ್ಟದ್ದು ಅದೇ ಮೊದಲು. "ಒಳಗೆ ಹನ್ನೆರಡು ಸಾವಿರ ಕಟ್ಟಿದೆ. ಹೊಸ ಗಂಟು ಹಾಕ್ಬೇಕು ಅಂದ್ರೆ ದಿನಕ್ಕೊಂದರಂತೆ ನನಗೊಬ್ಬಳಿಗೇ ಮೂವತ್ಮೂರು ವರ್ಷ ಬೇಕು. ಆ ಹೊಸ ಗಂಟು ಯಾವುದು ಅಂತ್ಲೂ ಇನ್ನೂ ಗೊತ್ತಿಲ್ಲ. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡೋಕಾಗುತ್ತಾ?"

"ಕೂಸು ಯಾವಾಗ ಬೆಳೆಯುತ್ತಂತೋ?" ಎಂದು ಪಾರುಪತ್ತೇಗಾರ ಅಂಬಿಗನನ್ನು ಕೇಳಿದ.

"ಗೊತ್ತಿಲ್ಲ ಬುದ್ಧಿ. ಹತ್ತು ವರ್ಷ ಅಂತಾರೆ, ಇಪ್ಪತ್ತು ಅಂತಾರೆ. ನಾಳೆ ಅನ್ನೋರೂ ಇದ್ದಾರೆ."

ಪಾರುಪತ್ತೇಗಾರ ದಿಂಬು ಬಿಟ್ಟು ಎದ್ದು ಕೂತ. ಅದು ಆ ವರ್ಷದ ದೊಡ್ಡ ಸುದ್ದಿಯಾಯಿತು.

ಮೊದಲ ಕೆಲಸ, ಆ ಗಂಟು ಎಲ್ಲೆಲ್ಲಿದೆ ಎಂದು ನೋಡುವುದು. "ಗಂಟುಮನೆಯಲ್ಲಿದೆ, ಇನ್ನೆಲ್ಲಿ?" ಎಂದ ಪಾರುಪತ್ತೇಗಾರ. ನೋಡುತ್ತ ಹೋದರೆ ಅದು ಇಲ್ಲದ ಜಾಗವೇ ಇರಲಿಲ್ಲ. ಕೆರೆಯ ತೂಬಿನ ಹಲಗೆಗೆ ಅದೇ ಗಂಟು. ಊರ ಕಣಜದ ಬಾಗಿಲಿಗೆ ಅದೇ ಗಂಟು. ವೈದ್ಯನ ವಿಷದ ಡಬ್ಬಿಗೆ ಅದೇ. ಸತ್ತು ನಲವತ್ತು ವರ್ಷವಾದ ಯಾವನೋ ಗುಮಾಸ್ತ ಅಟ್ಟದ ಮೇಲೆ ಕಟ್ಟಿಟ್ಟು ಮರೆತಿದ್ದ ಮೂಟೆಗೂ ಅದೇ. ಒಳ್ಳೆಯದೆಂದು ಅಜ್ಜಂದಿರು ಹಾಕಿದ್ದನ್ನು ಮೊಮ್ಮಕ್ಕಳು ಕಣ್ಣು ಮುಚ್ಚಿ ಎಲ್ಲ ಕಡೆ ಹಾಕಿದ್ದರು. ಮೂರು ತಿಂಗಳು ಹುಡುಕಿ, ಕಂಡಲ್ಲೆಲ್ಲ ಕೆಮ್ಮಣ್ಣಿನ ಬೊಟ್ಟಿಟ್ಟು, ಮುಗಿಯಿತು ಎಂದು ಕೈ ತೊಳೆಯುವಾಗ, ಸ್ನಾನಕ್ಕೆ ಹೋದ ಪಾರುಪತ್ತೇಗಾರ ಬಚ್ಚಲಿನಿಂದ ಕೂಗಿಕೊಂಡ. ಅವನ ಉಡಿದಾರಕ್ಕೂ ಅದೇ ಗಂಟಿತ್ತು. ಅಲ್ಲಿಗೂ ಒಂದು ಬೊಟ್ಟು ಬಿತ್ತು ಎಂದು ಊರು ನಕ್ಕಿತು.

ಎರಡನೆಯ ಕೆಲಸ, ಹೊಸ ಗಂಟು. ಮೇಲಿನ ಕೋಟೆಯ ಪಂಡಿತರು ತರಾವರಿ ಗಂಟುಗಳನ್ನು ಕಳಿಸಿದರು. ಗಂಟುಗಾತಿ ಅವನ್ನು ಒಳಗಿಡಲು ಬಿಡಲಿಲ್ಲ. ನಡುಬೀದಿಯ ಕಂಬಕ್ಕೆ ನೇತುಹಾಕಿಸಿದಳು. "ಯಾರು ಬೇಕಾದ್ರೂ ಬಿಚ್ಚಿ ನೋಡಿ. ನಮ್ಮೋರ ಕೈಲಿ ಬಿಚ್ಚೋದು ಕಳ್ಳರ ಕೈಲೂ ಬಿಚ್ಚುತ್ತೆ" ಎಂದು ಡಂಗುರ ಹೊಡೆಸಿದಳು.

ಅವುಗಳಲ್ಲಿ ತಾವರೆಯ ಗಂಟು ಎಂಬುದೊಂದಿತ್ತು. ಎಷ್ಟು ಚೆಲುವಾಗಿತ್ತೆಂದರೆ ಪಾರುಪತ್ತೇಗಾರ ಯಾರನ್ನೂ ಕೇಳದೆ ಅದರ ಚಿತ್ರವನ್ನು ಗಂಟುಮನೆಯ ಗೋಡೆಯ ಮೇಲೆ ಬರೆಸಿಬಿಟ್ಟ. ಬಣ್ಣ ಒಣಗುವ ಮುಂಚೆ ಹೂವಾಡಗಿತ್ತಿ ಆ ದಾರಿಯಲ್ಲಿ ಬಂದಳು. ನಿಂತಳು, ತಲೆ ಓರೆ ಮಾಡಿದಳು, ಬುಟ್ಟಿ ಕಂಕುಳಲ್ಲಿಟ್ಟುಕೊಂಡೇ ಕಂಬದ ಗಂಟಿಗೆ ಎರಡು ಬೆರಳು ಹಾಕಿದಳು. ಒಂದು ಮೊಳ ಮಲ್ಲಿಗೆ ಕಟ್ಟುವಷ್ಟು ಹೊತ್ತಿಗೆ ತಾವರೆ ಬರೀ ದಾರವಾಗಿ ಕೈಗೆ ಬಂತು. "ತಪ್ಪಾಯ್ತೇನೋ" ಎಂದಳು ಹೆದರಿ. ಗಂಟುಗಾತಿ ಅವಳ ಎರಡೂ ಕೈ ಹಿಡಿದುಕೊಂಡಳು. "ಇನ್ಮೇಲೆ ಎಲ್ಲ ಗಂಟೂ ನಿನ್ನ ಕೈ ದಾಟಿ ಬರ್ಲಿ ತಂಗಿ" ಎಂದಳು. ಗೋಡೆಗೆ ಸುಣ್ಣ ಬಳಿಸಿದ ಖರ್ಚು ಪಾರುಪತ್ತೇಗಾರನ ತಲೆಗೇ ಬಂತು.

ಇನ್ನೊಂದು ಗಂಟು ಯಾರಿಗೂ ಬಿಚ್ಚಲಿಲ್ಲ, ಸರಿಯೆ, ಆದರೆ ಕಟ್ಟಿದ ಮೇಲೆ ಕುಂಬಳಕಾಯಿಯಷ್ಟಾಗುತ್ತಿತ್ತು. ಹನ್ನೆರಡು ಸಾವಿರ ಕುಂಬಳಕಾಯಿಗೆ ಜಾಗವೆಲ್ಲಿ? ಕೊನೆಗೆ ಉಳಿದದ್ದು ಯಾರ ಕಣ್ಣಿಗೂ ಬೀಳದ ಒಂದು ಗಂಟು. ಚಾಪೆಯ ಹೆಣಿಗೆಯಂತೆ ಅಡ್ಡ, ಉದ್ದ, ಮೂಲೆ, ಎಲ್ಲ ಕಡೆಗೂ ಹೋಗುತ್ತಿತ್ತು. ನಡುನಡುವೆ ಬೇಕೆಂದೇ ಒಂದೊಂದು ಎಳೆಯನ್ನು ತುಸು ತಪ್ಪಿಸಿ ಹೆಣೆದಿತ್ತು. ಹೂವಾಡಗಿತ್ತಿ ಅದರ ಮುಂದೆ ಒಂದು ಮಳೆಗಾಲ ಕೂತಳು, ಒಂದು ಚಳಿಗಾಲ ಕೂತಳು, ಒಂದು ಬೇಸಿಗೆ ಕೂತಳು. ಉಗುರು ಹರಿಯಿತು. "ಸರಿಯಾದ ಎಳೆ ಯಾವುದು, ಬೇಕಂತ ತಪ್ಪಿಸಿದ್ದು ಯಾವುದು, ಹೊಳೀತಾನೇ ಇಲ್ಲ ಅಕ್ಕ" ಎಂದು ಒಂದು ದಿನ ಕೈ ಚೆಲ್ಲಿದಳು. ಆವತ್ತು ಊರಲ್ಲಿ ಪಾಯಸ ಮಾಡಿದರು.

ಪಾಯಸದ ಎಲೆಯ ಮುಂದೆ ಅವಳೊಬ್ಬಳು ಕೈ ಕಟ್ಟಿ ಕೂತಿದ್ದಳು. ಎಂಟು ವರ್ಷದ ಮಗಳು ಪಕ್ಕದಲ್ಲಿ ಎರಡನೆಯ ಸಲ ಬಡಿಸಿಕೊಳ್ಳುತ್ತಿತ್ತು. ಗಂಟುಗಾತಿ ಹತ್ತಿರ ಬಂದಳು. ಕೇಳುವಂತಿಲ್ಲ, ಸುಮ್ಮನೆ ಕೂತಳು.

"ಅಕ್ಕ" ಎಂದಳು ಹೂವಾಡಗಿತ್ತಿ, ತಾನಾಗಿಯೇ. "ಹೊಸ ಗಂಟು ಮನೇಲಿರೋ ಓಲೆಗಾಯ್ತು. ಹೊಳೆ ದಾಟಿ ಹೋಗಿರೋ ಓಲೆಗೆ ಯಾರು ಹಾಕ್ತಾರೆ?"

ಗಂಟುಗಾತಿ ಕೈಯಲ್ಲಿದ್ದ ಪಾಯಸದ ಸೌಟನ್ನು ಕೆಳಗಿಟ್ಟಳು.

"ಅದು ಬಿಚ್ಚಿದ ದಿನ ನನ್ನ ಮಗಳು ಉಳಿಯಲ್ಲ" ಎಂದಳು ಹೂವಾಡಗಿತ್ತಿ. ಅದಕ್ಕಿಂತ ಹೆಚ್ಚು ಅವಳು ಹೇಳಲಿಲ್ಲ. ಇವಳು ಕೇಳಲಿಲ್ಲ.

ಗಂಟುಗಾತಿ ಅಂದು ಉಣ್ಣಲಿಲ್ಲ. ಮರುದಿನವೂ ಒಲೆ ಹಚ್ಚಲಿಲ್ಲ. ತನ್ನ ಕೈಯಾರೆ ತಂಬಿಗೆ ಎತ್ತಿ ಮಜ್ಜಿಗೆ ಬಗ್ಗಿಸಿದ್ದು, ಕಣ್ಣೆದುರೇ ಬಾಳೆನಾರಿನ ಕಟ್ಟು ಹೋದದ್ದು, ತಾನು ನಕ್ಕದ್ದು, ಎಲ್ಲ ಮತ್ತೆ ಮತ್ತೆ ಬಂತು. ನಾನು ಆ ತಾಯಿಗೆ ಧೈರ್ಯ ಹೇಳಲಿಲ್ಲ, ಮೋಸ ಮಾಡಿದೆ ಎಂದು ಗೋಡೆಗೆ ತಲೆ ಆನಿಸಿ ಅತ್ತಳು. ಮೂರನೆಯ ದಿನ ಮೊನ್ನೆಯ ಪಾಯಸದ ಪಾತ್ರೆ ತೊಳೆಯಲು ಕೂತಳು. ತಳದಲ್ಲಿ ಉಳಿದದ್ದು ಹುಳಿ ವಾಸನೆ ಹೊಡೆಯುತ್ತಿತ್ತು. ಹೊರಗೆ ಚೆಲ್ಲಿದರೆ ನಾಯಿಯೂ ಮೂಸಿ ಹೋಯಿತು. ಅವಳು ಅದನ್ನೇ ನೋಡುತ್ತ ನಿಂತಳು. ಪಾತ್ರೆ ಅಲ್ಲೇ ಬಿಟ್ಟು ಹೂವಾಡಗಿತ್ತಿಯ ಮನೆಗೆ ಓಡಿದಳು.

"ಓಲೇನ ವಾಪಸು ತರೋಕಾಗಲ್ಲ, ಹಳಸೋ ಹಂಗೆ ಮಾಡಬಹುದು!" ಎಂದಳು ಏದುಸಿರು ಬಿಡುತ್ತ. "ಎಲ್ಲರ ಓಲೇಲೂ ಇರೋದು ಮೂರೇ ಮಾತು. ನಿನ್ನ ಹುಟ್ಟುಹೆಸರು ನಿನ್ನ ಹುಡುಕೋರಿಗೆ ಮೊದಲೇ ಗೊತ್ತು. ಯಾರಿಗೆ ಹೆದರ್ತೀಯ ಅನ್ನೋದೂ ಗೊತ್ತು, ಅವರೇ ತಾನೆ. ಗೊತ್ತಿಲ್ಲದ್ದು ಬಾಗಿಲು ಒಂದೇ. ಆ ಬಾಗಿಲು ಸುಳ್ಳಾದ್ರೆ ಓಲೆ ಹಳಸ್ತು."

"ನಾನೊಬ್ಬಳೇ ಮನೆ ಬಿಟ್ರೆ, ಮೀನಿನ ಬಾಗಿಲಿಂದ ಬಿಟ್ಟವಳು ಯಾರು ಅಂತ ಹುಡುಕ್ತಾರಲ್ಲಕ್ಕ."

"ನೀನೊಬ್ಬಳೇ ಯಾಕೆ ಬಿಡ್ತೀ?" ಎಂದಳು ಗಂಟುಗಾತಿ.

ಹೀಗೆ ಊರಿಗೆ ಊರೇ ಮನೆ ಬದಲಿಸುವ ಮಾತು ಬಂತು. ಬೀದಿಯಲ್ಲಿ ಗದ್ದಲವೋ ಗದ್ದಲ. ನಮ್ಮ ಬಾವಿ ಸಿಹಿನೀರಿನದು, ನಾವೇಕೆ ಬಿಡಬೇಕು ಎಂದರು ಕೆಲವರು. ನಮ್ಮ ಕಟ್ಟೇನೂ ಕಳುವಾಗಿಲ್ಲ ಎಂದರು ಕೆಲವರು. ಆಗ ಗಂಟುಗಾತಿ, ಯಾವ ಯಾವ ವರ್ಷ ಎಷ್ಟೆಷ್ಟು ಕಟ್ಟು ಹೋಯಿತು, ಯಾವ ಬಣ್ಣದ ದಾರದ್ದು ಎಂದು ನೆನಪಿನಿಂದಲೇ ಹೇಳುತ್ತ ಹೋದಳು. ಕೆಂಪು ದಾರ, ಎರಡೆಳೆ. ನೀಲಿ ದಾರ, ಗಂಟಿನಲ್ಲಿ ಒಂದು ಮಣಿ. ಒಬ್ಬೊಬ್ಬರಾಗಿ ತಲೆ ತಗ್ಗಿಸಿದರು. ಆ ಊರಿನಲ್ಲಿ ಯಾರಿಗೂ ಹೆದರದವರು ಯಾರೂ ಇರಲಿಲ್ಲ. ಹೆದರದವರು ಆ ಊರಿಗೆ ಯಾಕೆ ಬರುತ್ತಾರೆ?

ಯಾರಿಗೆ ಯಾವ ಮನೆ ಎಂದು ಚೀಟಿ ಹಾಕುವ ಮುನ್ನ ಗಂಟುಗಾತಿ ಪಾರುಪತ್ತೇಗಾರನ ಬಳಿ ಹೋಗಿ ತಗ್ಗಿದ ದನಿಯಲ್ಲಿ ಹೇಳಿದಳು: "ಮೀನಿನ ಬಾಗಿಲಿನ ಮನೆ ಚೀಟೀಲಿ ಬೇಡ ಸ್ವಾಮಿ. ಅಲ್ಲಿ ಸ್ವಲ್ಪ ಗಟ್ಟಿಯವರು ಇರ್ಬೇಕು."

ಪಾರುಪತ್ತೇಗಾರ ಅವಳ ಮುಖ ನೋಡಿದ. ಯಾಕೆ ಎನ್ನುವ ಪದ ಅವನ ನಾಲಗೆಯ ತುದಿಗೆ ಬಂದದ್ದು ಕಾಣಿಸಿತು; ಅದನ್ನು ನುಂಗಿಕೊಂಡ. ತನ್ನ ಮನೆಯ ಕೆತ್ತನೆಯ ಕಂಬಗಳನ್ನು, ಹತ್ತು ಜನ ಒರಗಬಹುದಾದ ಜಗುಲಿಯನ್ನು ಒಮ್ಮೆ ತಿರುಗಿ ನೋಡಿದ.

"ಅದು ನನಗಿರಲಿ" ಎಂದ. "ಸ್ವಲ್ಪ ಚಿಕ್ಕದು. ಪರವಾಗಿಲ್ಲ. ಸರ್ಕಾರ ಅಂತ ಇರೋದು ಯಾತಕ್ಕೆ?"

ಅವನು ಜನ್ಮದಲ್ಲಿ ಆಡಿದ ಒಳ್ಳೆಯ ಮಾತು ಅದೊಂದೇ ಎಂದು ಅವನ ಹೆಂಡತಿ ಆಮೇಲೆ ಹೇಳುತ್ತಿದ್ದಳಂತೆ. ಸಾಕಲ್ಲ, ಒಂದಾದರೂ ಸಾಕು.

ಯುಗಾದಿಯ ಮರುದಿನ ಊರು ಮನೆ ಬದಲಿಸಿತು. ಒಲೆಗುಂಡು, ಪೊರಕೆ, ತೊಟ್ಟಿಲು ಹೊತ್ತು ಎಲ್ಲರೂ ಎಲ್ಲರಿಗೂ ಎದುರಾದರು. ಒನಕೆಯ ಬಾಗಿಲಿನವರು ಗಿಳಿಗೆ, ಗಿಳಿಯವರು ಏಣಿಗೆ, ಏಣಿಯವರು ಇನ್ನೆಲ್ಲಿಗೋ. ಬೆಕ್ಕುಗಳು ಮಾತ್ರ ಒಂದು ವಾರ ಹಳೇ ಮನೆಗೇ ಹೋಗುತ್ತಿದ್ದವು. ಹೂವಾಡಗಿತ್ತಿಗೆ ಚೇಳಿನ ಬಾಗಿಲು ಬಂತು. ಆಮೇಲೆ ಊರು ಕೂತು ಗಂಟು ಹಾಕತೊಡಗಿತು. ಗಂಟುಗಾತಿ, ಹೂವಾಡಗಿತ್ತಿ, ಇನ್ನು ಮೂವರು. ಹಳೆಯ ಗಂಟನ್ನು ಬಿಚ್ಚಲಿಲ್ಲ. ಅದರ ಮೇಲೆಯೇ ಚಾಪೆಯ ಗಂಟು ಹಾಕಿದರು, ಒಂದು ಸೋತರೆ ಇನ್ನೊಂದಿರಲಿ ಎಂದು. ಹಾಡಿಗೂ ಒಂದು ಸಾಲು ಕೂಡಿತು. "ಒಂದು ಸುತ್ತು ನಿನಗೆ. ಒಂದು ಸುತ್ತು ನನಗೆ. ಒಂದು ಸುತ್ತು ಯಾರಿಗೂ ಅಲ್ಲ. ಒಂದು ಸುತ್ತು ಇನ್ನೂ ಬಾರದವನಿಗೆ." ಏಳು ವರ್ಷ ಆ ದನಿ ನಿಲ್ಲಲಿಲ್ಲ. ತೂಬು, ಕಣಜ, ವೈದ್ಯನ ಡಬ್ಬಿ, ಕೊನೆಗೆ ಪಾರುಪತ್ತೇಗಾರನ ಉಡಿದಾರ, ಎಲ್ಲ ಮುಗಿಯಿತು. ಹನ್ನೆರಡು ವರ್ಷಕ್ಕೊಮ್ಮೆ ಗಂಟನ್ನೂ ಬಾಗಿಲನ್ನೂ ಬದಲಿಸಬೇಕು, ಯಾವ ಗಂಟಿನ ಚಿತ್ರವನ್ನೂ ಗೋಡೆಯ ಮೇಲೆ ಬರೆಯಬಾರದು ಎಂದು ಕಟ್ಟಳೆಗೆ ಎರಡು ಮಾತು ಸೇರಿದವು.

ಹೂವಾಡಗಿತ್ತಿ ಮಾತ್ರ ಮೊದಲಿನಂತೆ ಹೊಳೆಗೇ ಮುಖ ಮಾಡಿ ಕೂರುತ್ತಿದ್ದಳು. ಹಳಸಿದ್ದನ್ನು ತಿನ್ನುವುದಿಲ್ಲ ಎಂದು ಯಾರು ಬರೆದುಕೊಟ್ಟಿದ್ದಾರೆ ಅವಳಿಗೆ?

ಮಗಳಿಗೆ ಇಪ್ಪತ್ತು ತುಂಬಿದ ವರ್ಷ ಕೂಸು ಬೆಳೆದು ನಿಂತಿತು. ಅಂಬಿಗ ಸುದ್ದಿ ತಂದ: ಆಚೆ ದಡದ ಉಗ್ರಾಣದಲ್ಲಿ ಕಟ್ಟುಗಳು ತಾವಾಗಿ ಬಾಯಿ ಬಿಡುತ್ತಿವೆ, ದಾರದ ರಾಶಿ ಮೊಣಕಾಲುದ್ದ ಬಿದ್ದಿದೆ, ಒಳಗಿನ ಓಲೆಗಳನ್ನು ಧಣಿ ಬೇಕಾದವರಿಗೆ ಮಾರುತ್ತಿದ್ದಾನೆ. ಅದರ ಬೆನ್ನಿಗೇ ಓಲೆ ಹಿಡಿದ ಜನ ದೋಣಿ ದೋಣಿಯಾಗಿ ಬಂದಿಳಿದರು. ಏಣಿಯ ಬಾಗಿಲಿನಲ್ಲಿ ಓಡಿಹೋದ ಸಿಪಾಯಿಯನ್ನು ಹುಡುಕಿದವರಿಗೆ ಅವಳಿ ಹೆತ್ತ ಬಾಣಂತಿ ಸಿಕ್ಕಳು. ಗಿಳಿಯ ಬಾಗಿಲಿನಲ್ಲಿ ಬಡಗಿಯನ್ನು ಕೇಳಿದವರ ಮೇಲೆ ಕಿವುಡ ಮುದುಕಿಯೊಬ್ಬಳು ಮೊರ ಬೀಸಿದಳು.

ಹಾಗೆ ಒಂದು ಬೆಳಿಗ್ಗೆ ಮೂವರು ಗಂಡಸರು ಇಳಿದರು. ಮೊಣಕಾಲಿಗೆ ಮುಟ್ಟುವ ಗಡ್ಡ. ಯಾವುದೋ ಹರಕೆ ತೀರುವವರೆಗೆ ಬೋಳಿಸುವುದಿಲ್ಲ ಎಂಬಂಥ ಗಡ್ಡ. ಹಿರಿಯನ ಕೈಯಲ್ಲಿ ಒಂದು ಓಲೆ, ಅದಕ್ಕೆ ಅಂಟಿಕೊಂಡು ಒಂದೆಳೆ ಬಾಳೆನಾರು.

ಹೂವಾಡಗಿತ್ತಿಯ ಕೈಯಲ್ಲಿ ಮಲ್ಲಿಗೆ ಹಾಗೇ ನಿಂತಿತು. ಅವರು ನೇರ ಅವಳ ಮುಂದೆಯೇ ಬಂದು ನಿಂತರು. ಅವಳು ಓಡಲಿಲ್ಲ.

"ಏ ಹೂವಿನವಳೇ, ಮೀನಿನ ಬಾಗಿಲಿನ ಮನೆ ಯಾವುದು?" ಎಂದ ಹಿರಿಯ.

ಅವಳು ಅವನ ಮುಖ ನೋಡಿದಳು. ಅವನೂ ನೋಡಿದ. ಅವನಿಗೆ ಗುರುತು ಸಿಗಲಿಲ್ಲ. ಎರಡು ವರ್ಷ ಅವನ ಮನೆಯಲ್ಲಿ ಸೆರಗು ಹೊದ್ದು, ತಲೆ ತಗ್ಗಿಸಿ ಬಡಿಸಿದ ಸೊಸೆಯ ಮುಖವನ್ನು ಆ ಮನೆಯ ಒಬ್ಬ ಗಂಡಸೂ ಒಮ್ಮೆಯೂ ನೋಡಿರಲಿಲ್ಲ. ಅವಳು ಗಲ್ಲ ಎತ್ತಿ ಬೀದಿಯ ಕಡೆ ತೋರಿಸಿದಳು.

ಮೀನಿನ ಬಾಗಿಲಿನ ಜಗುಲಿಯ ಮೇಲೆ ಪಾರುಪತ್ತೇಗಾರ ಮೈಗೆಲ್ಲ ಹರಳೆಣ್ಣೆ ಹಚ್ಚಿಕೊಂಡು, ಒಂದು ಕೌಪೀನದಲ್ಲಿ, ಎಳೆಬಿಸಿಲಿಗೆ ಹೊಟ್ಟೆ ಕೊಟ್ಟು ಕೂತಿದ್ದ. ವಯಸ್ಸಾಗಿತ್ತು, ಹೊಟ್ಟೆಗೆ ಮಾತ್ರ ಆಗಿರಲಿಲ್ಲ.

ಹಿರಿಯ ಓಲೆ ಬಿಡಿಸಿ ದೊಡ್ಡ ದನಿಯಲ್ಲಿ ಓದಿದ. ಒಂದು ಹೆಂಗಸಿನ ಹೆಸರು. ಗಂಡನ ಮನೆಯವರಿಗೆ ಹೆದರುತ್ತೇನೆ, ಹೆಣ್ಣುಕೂಸು ಮನೆಗೆ ಕೇಡೆಂದು ಹೊಳೆಗೆ ಬಿಡುತ್ತಾರೆ ಎಂಬ ಮಾತು. ಮೀನಿನ ಬಾಗಿಲು. "ಎಲ್ಲಿ ಅವಳು? ಇದೇ ಬಾಗಿಲು ತಾನೆ?"

ಪಾರುಪತ್ತೇಗಾರನಿಗೆ ಅಂದು ನುಂಗಿಕೊಂಡ ಆ 'ಯಾಕೆ'ಗೆ ಹನ್ನೆರಡು ವರ್ಷದ ಮೇಲೆ ಉತ್ತರ ಸಿಕ್ಕಿತು, ತಾನು ಕೇಳದೆಯೇ. ಅವನು ನಿಧಾನವಾಗಿ ಎದ್ದು ನಿಂತ. ಎಣ್ಣೆ ಜಗುಲಿಯ ಮೇಲೆ ತೊಟ್ಟಿಕ್ಕಿತು.

"ಇದೇ ಬಾಗಿಲು. ಇರೋನು ನಾನು" ಎಂದ. "ಸರಿಯಾಗಿ ನೋಡ್ರಪ್ಪ. ನಿಮ್ಮ ಮನೆ ಸೊಸೆ ಥರ ಕಾಣ್ತೀನಾ?"

ಬೀದಿಯೆಲ್ಲ ಗೊಳ್ಳೆಂದಿತು. ಗಡ್ಡದವರು ಒಳಗೆ ನುಗ್ಗಿ ನೋಡಿದರು. ಅಲ್ಲಿ ಅವನ ಹೆಂಡತಿ ಸೌಟು ಹಿಡಿದಿದ್ದಳು. ಹೊರಗೆ ಬಂದು ಊರವರನ್ನು ಕೇಳಿದರು. ಆ ಊರಿನಲ್ಲಿ ಯಾರಿಗೂ ಯಾರ ವಿಷಯವೂ ಗೊತ್ತಿರಲಿಲ್ಲ. ಯಾರೂ ಯಾವತ್ತೂ ಕೇಳಿರಲಿಲ್ಲವಲ್ಲ. ಗಂಟುಮನೆಯೊಳಗಿನಿಂದ ಇಪ್ಪತ್ತು ತುಂಬಿದ ಒಬ್ಬ ಹುಡುಗಿಯ ದನಿ ಮಾತ್ರ ನಿಲ್ಲದೆ ಬರುತ್ತಿತ್ತು. ಒಂದು ಸುತ್ತು ನಿನಗೆ, ಒಂದು ಸುತ್ತು ನನಗೆ. ಗಡ್ಡದವರು ಅದರ ಮುಂದೆಯೇ ಹಾದು ಕಡವಿಗೆ ಬಂದರು.

ಬಿಸಿಲು ಏರಿತ್ತು. ದೋಣಿ ಹತ್ತುವ ಮುಂಚೆ ಹಿರಿಯ, ಕಟ್ಟೆಯ ಹತ್ತಿರ ನಿಂತಿದ್ದ ಗಂಟುಗಾತಿಯ ಕಡೆ ತಿರುಗಿದ. "ಈ ಊರಲ್ಲಿ ಬಂದೋರಿಗೆ ಮಜ್ಜಿಗೆ ಕೊಡ್ತಾರೆ ಅಂತ ಕೇಳಿದ್ದೆ."

"ಮುಗಿದೋಯ್ತು" ಎಂದಳು ಗಂಟುಗಾತಿ.

ದೋಣಿ ನಡುನೀರಿಗೆ ಹೋಯಿತು, ಚಿಕ್ಕದಾಯಿತು, ಆಚೆ ದಡದ ಜೊಂಡಿನಲ್ಲಿ ಕಾಣದಾಯಿತು. ಹಿರಿಯ ಹರಿದೆಸೆದ ಓಲೆಯ ಚೂರು, ನಾರಿನ ಎಳೆ, ನೀರಿನಲ್ಲಿ ಸ್ವಲ್ಪ ಹೊತ್ತು ತೇಲಿದವು. ಹೂವಾಡಗಿತ್ತಿ ಅವೂ ಹೋಗುವವರೆಗೆ ನೋಡಿದಳು. ಗಂಟುಗಾತಿ ಪಕ್ಕದಲ್ಲಿ ಕೂತು ಅವಳ ಬೆನ್ನ ಮೇಲೆ ಕೈ ಇಟ್ಟಿದ್ದಳು. ಇಬ್ಬರೂ ಅತ್ತರು, ಅಳುತ್ತ ಅಳುತ್ತ ಯಾವಾಗಲೋ ನಗು ಬಂತು. ಪಾರುಪತ್ತೇಗಾರನ ಸೊಸೆತನ ನೆನಪಾಗಿರಬೇಕು.

"ಅಕ್ಕ, ನನ್ನ ಹೆಸರು ಈಗ ಹೇಗೂ ನಿಮಗೆಲ್ಲ..." ಎಂದಳು ಹೂವಾಡಗಿತ್ತಿ.

"ನನಗೇನೂ ಕೇಳಿಸಲಿಲ್ಲ" ಎಂದಳು ಗಂಟುಗಾತಿ. "ಆ ಗದ್ದಲದಲ್ಲಿ ಯಾರಿಗೆ ಕೇಳಿಸುತ್ತೆ?" ಊರಿನಲ್ಲಿ ಯಾರನ್ನು ವಿಚಾರಿಸಿದರೂ ಅದನ್ನೇ ಹೇಳುತ್ತಿದ್ದರು.

ಮಧ್ಯಾಹ್ನದ ದೋಣಿ ಬರುವ ಹೊತ್ತಾಯಿತು. ಹೂವಾಡಗಿತ್ತಿ ಎದ್ದು ಕಣ್ಣೊರೆಸಿಕೊಂಡಳು. ಬುಟ್ಟಿ ಎತ್ತಿ ಕಟ್ಟೆಯ ಈ ಕಡೆಗೆ ಇಟ್ಟಳು. ಮಣೆಯನ್ನು ತಿರುಗಿಸಿ ಹಾಕಿಕೊಂಡು, ಹೊಳೆಗೆ ಬೆನ್ನು ಮಾಡಿ ಕೂತಳು. ಬೀದಿಯ ಆ ತುದಿಯಿಂದ ಮಗಳು ಊಟದ ಬುತ್ತಿ ಹಿಡಿದು ಬರುತ್ತಿದ್ದದ್ದು ಅವಳಿಗೆ ಅಷ್ಟು ದೂರದಿಂದಲೇ ಕಾಣಿಸಿತು.